ಸೂಟು ಕಳೆದ ಖುಷಿ

ಮಲೆಬೆನ್ನೂರಿನಿಂದ ಹೊರಡುವ ಟೂರಿನ ಗಾಡಿಯಲ್ಲಿ ಮೂರು ಸಾಮಾನು ತಪ್ಪುವುದಿಲ್ಲ: ಮಂಡಕ್ಕಿ ಚೀಲ, ವಾಂತಿ ಬರುವವರಿಗೆ ನಿಂಬೆಹಣ್ಣು, ಮತ್ತು ಖಜಾಂಚಿ. ಮೊದಲೆರಡನ್ನು ಯಾರಾದರೂ ನೆನಪಿಟ್ಟು ತರಬೇಕು. ಮೂರನೆಯದು ಬೆಳಗಿನ ಜಾವ ತಾನಾಗಿಯೇ ಬಂದು ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತಿರುತ್ತದೆ. ತೊಡೆಯ ಮೇಲೆ ಗೊಬ್ಬರದ ಅಂಗಡಿಯವರು ಕೊಟ್ಟ ಪಾಕೆಟ್ ಡೈರಿ, ಬನಿಯನ್ನಿನ ಒಳಜೇಬಿನಲ್ಲಿ ನೋಟು, ಅಂಗಿಯ ಮೇಲ್ಜೇಬಿನಲ್ಲಿ ಚಿಲ್ಲರೆ.

ಈ ಖಜಾಂಚಿಯನ್ನು ಯಾರೂ ಆರಿಸಿದ್ದಲ್ಲ. ಗಾಡಿ ಬಾಡಿಗೆ ಮಾತಾಡುವವರು ಬೇರೆ, ತಲಾ ಇಷ್ಟು ಎಂದು ವಸೂಲಿ ಮಾಡುವವರು ಬೇರೆ, ಮೊಬೈಲಿನಲ್ಲಿ ರೂಮು ಹಿಡಿಯುವ ಹುಡುಗರು ಬೇರೆ. ಖಜಾಂಚಿಯ ಖಾತೆ ಒಂದೇ, ಖುಷಿ. ಡ್ರೈವರಿಗೆ, ಕ್ಲೀನರಿಗೆ, ಗೈಡಿಗೆ, ರೂಮ್ ಬಾಯ್‌ಗೆ, ಚಪ್ಪಲಿ ಕಾಯುವ ಹೆಂಗಸಿಗೆ ಬಾಡಿಗೆಯ ಮೇಲೆ, ಬಿಲ್ಲಿನ ಮೇಲೆ, ರಸೀದಿ ಇಲ್ಲದೆ ಕೊಡುವ ದುಡ್ಡು. ಎಷ್ಟು ಎಂದು ಯಾವ ಬೋರ್ಡಿನಲ್ಲೂ ಬರೆದಿರದ, ಕೇಳಿದರೆ "ನಿಮ್ ಖುಷಿ ಸಾವ್ಕಾರ್ರೆ" ಎಂದು ಬೇರೆ ಕಡೆ ಮುಖ ತಿರುಗಿಸುವ ಆ ದುಡ್ಡಿಗೂ ಒಂದು ರೇಟು ಇದ್ದೇ ತೀರಬೇಕು, ಅದನ್ನು ಕಂಡುಹಿಡಿಯಲು ದೇವರು ತಮ್ಮನ್ನು ಕಳಿಸಿದ್ದಾನೆ ಎಂದು ಇವರ ನಂಬಿಕೆ.

ನಂಬಿಕೆಗೆ ಕಾರಣ ಕಸುಬು. ಇವರು ಭತ್ತದ ವ್ಯಾಪಾರಿ. ಭದ್ರಾ ನಾಲೆಯ ನೀರು ಕುಡಿದು ಬೆಳೆದ ಊರಿನಲ್ಲಿ ಅದೇನು ದೊಡ್ಡ ವಿಶೇಷವಲ್ಲ, ನಮ್ಮಲ್ಲಿ ಕಲ್ಲು ಎಸೆದರೆ ಭತ್ತದ ವ್ಯಾಪಾರಿಗೋ ರೈಸ್ ಮಿಲ್ಲಿನ ತಗಡಿಗೋ ಬೀಳುತ್ತದೆ. ಹಿಡಿ ಭತ್ತವನ್ನು ಅಂಗೈ ಮೇಲೆ ಹಾಕಿ, ಊದಿ ಜೊಳ್ಳು ಹಾರಿಸಿ, ಒಂದು ಕಾಳನ್ನು ಮುಂದಿನ ಹಲ್ಲಿಗೆ ಕೊಟ್ಟು ಕಟಕ್ ಎನಿಸಿ ತೇವ ಇಷ್ಟು ಎನ್ನುತ್ತಾರೆ. ಮಿಷನ್ನಿಗೆ ಹಾಕಿದರೆ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ಆಮೇಲೆ ಸೂಟು ಕಳೆಯುತ್ತಾರೆ. ಕಸ, ತೇವ, ಚೀಲದ ಭಾರ ಅಂತ ಒಂದೊಂದು ಹೆಸರು ಹೇಳಿ ತೂಕದಿಂದ ಹಾರಿಸುವ ಕೆಜಿಗಳೇ ಸೂಟು. ರೈತರು ಅದಕ್ಕೆ ಕೂಗಾಡದ ಸುಗ್ಗಿ ಇಲ್ಲ, ವ್ಯಾಪಾರಿಗಳು ಅದನ್ನು ಕಳೆಯದ ಸುಗ್ಗಿಯೂ ಇಲ್ಲ. ಇಷ್ಟು ವರ್ಷ ಚೀಲಕ್ಕೆ ಮಾಡಿದ್ದನ್ನು ಮನುಷ್ಯರಿಗೂ ಮಾಡುವುದು ಖಜಾಂಚಿಗೆ ಅಭ್ಯಾಸವಾಗಿಬಿಟ್ಟಿದೆ. ಖುಷಿಯನ್ನು ಪೂರ್ತಿ ತೂಗಿ, ಮೊದಲು ಮನಸ್ಸಿನಲ್ಲೇ ಧಾರಾಳವಾಗಿ ಕೊಟ್ಟು, ಆಮೇಲೆ ಸೂಟು ಹಿಡಿಯುತ್ತಾರೆ.

ಧರ್ಮಸ್ಥಳ, ಹೊರನಾಡು, ಶೃಂಗೇರಿ ಮುಗಿಸಿ ಬರುವ ಮೂರು ದಿನದ ಟ್ರಿಪ್ಪನ್ನೇ ನೋಡಿ. ಶಿವಮೊಗ್ಗ ದಾಟಿ ಹೊನ್ನಾಳಿ ಬರುವ ಮೊದಲು ಡೈರಿ ಬಿಚ್ಚಿಕೊಳ್ಳುತ್ತದೆ. ಜಾಗದ ಆಯ್ಕೆಯಲ್ಲೇ ಜಾಣತನವಿದೆ. ಹೊನ್ನಾಳಿ ದಾಟಿತೆಂದರೆ ಜನರಿಗೆ ಮನೆಯ ವಾಸನೆ ಹತ್ತುತ್ತದೆ. ಕೊಮಾರನಹಳ್ಳಿಯಲ್ಲಿ ಇಬ್ಬರು, ಊರ ಬಾಗಿಲಲ್ಲಿ ನಾಲ್ವರು, "ಇಲ್ಲೇ ನಿಲ್ಸಪ್ಪಾ" ಎಂದು ಇಳಿದು ಬ್ಯಾಗು ಹೊತ್ತು ಕತ್ತಲಲ್ಲಿ ಕರಗಿಬಿಡುತ್ತಾರೆ. ಡ್ರೈವರಿಗೆ ಕೈ ಬೀಸುತ್ತಾರೆ, ಬೀಸುವ ಕೈ ಖಾಲಿ. ಅದಕ್ಕೇ ಗಾಡಿ ಓಡುತ್ತಿರುವಾಗಲೇ, ಯಾರೂ ಇಳಿಯಲಾಗದ ಹೊತ್ತಲ್ಲಿ, ಖಜಾಂಚಿ ಎದ್ದು ನಿಂತು ಸ್ಟೀಲಿನ ಟಿಫನ್ ಡಬ್ಬಿ ಹಿಡಿದು ಸೀಟಿನಿಂದ ಸೀಟಿಗೆ ಬರುತ್ತಾರೆ. ಆಗ ನಿದ್ದೆ ಹೋಗುವವರ ಸಂಖ್ಯೆ ಆಶ್ಚರ್ಯಕರ. ಇವರು ಭುಜ ಅಲ್ಲಾಡಿಸಿ ಎಬ್ಬಿಸುತ್ತಾರೆ.

ಲೆಕ್ಕ ಗಟ್ಟಿಯಾಗಿ, ಡ್ರೈವರಿಗೆ ಕೇಳುವ ಹಾಗೆ ಆಗುತ್ತದೆ. "ದಿನಕ್ಕೆ ಐನೂರರಂಗೆ ಮೂರು ದಿನಕ್ಕೆ 1,500. ಚಾರ್ಮಾಡಿ ಘಾಟಿನಾಗೆ ಫೋನ್ ಎತ್ತಿದ್ದಕ್ಕೆ ನೂರು ಕಳೀರಿ. ರಾಜ್‌ಕುಮಾರ್ ಹಾಡು ಹಾಕು ಅಂದ್ರೆ ಡಿಜೆ ಹಾಕಿದ್ದಕ್ಕೆ ಐವತ್ತು. ಕೊಟ್ಟಿಗೆಹಾರದಾಗೆ ದಾರಿ ತಪ್ಪಿದ್ದಕ್ಕೆ ಇನ್ನೂರು. ಹಂಪ್ ಹಾರಿಸಿ ನಮ್ಮ ಮೊಸರು ಚೆಲ್ಲಿದ್ದಕ್ಕೆ ಎಪ್ಪತ್ತು. ಆತು 1,080. ಶೃಂಗೇರಿಯಾಗೆ ಅಜ್ಜಿನ ಕೈ ಹಿಡಿದು ಇಳಿಸಿದ್ದಕ್ಕೆ ಇಪ್ಪತ್ತು ಕೂಡ್ಸಿರಿ. ಶಕುನಕ್ಕೆ ಒಂದು. 1,101." ಆ ಒಂದು ರೂಪಾಯಿಯ ನಾಣ್ಯ ಸಾಮಾನ್ಯವಾಗಿ ಜೇಬಿನಲ್ಲಿ ಸಿಗುವುದಿಲ್ಲ. "ಆಮೇಲೆ ಕೊಡ್ತೀನಿ" ಎನ್ನುತ್ತಾರೆ.

ಬಾಟಾದ ವಿಷಯ ಬಂದರೆ ಗಾಡಿಯಲ್ಲಿ ಎರಡು ಪಕ್ಷ. ಬಾಡಿಗೆ ಗಾಡಿಯ ಲೆಕ್ಕ ಎಲ್ಲರಿಗೂ ಗೊತ್ತು: ಕಿಲೋಮೀಟರಿಗೆ ಇಷ್ಟು, ಓಡಲಿ ಬಿಡಲಿ ದಿನಕ್ಕೆ ಕನಿಷ್ಠ 250 ಇಲ್ಲವೇ 300 ಕಿಲೋಮೀಟರು, ಟೋಲು ಪಾರ್ಕಿಂಗು ಬೇರೆ, ಡ್ರೈವರ್ ಬಾಟಾ ಬೇರೆ, ರಾತ್ರಿ ಓಡಿಸಿದರೆ ಇನ್ನೊಂದು ಬಾಟಾ. "ಬಾಟಾ ಕೊಟ್ಟ ಮ್ಯಾಲೆ ಖುಷಿ ಯಾಕೆ?" ಎನ್ನುವುದು ಒಂದು ಪಕ್ಷ. ಡ್ರೈವರು ಆ ಬಾಟಾದಲ್ಲೇ ಹೊಟ್ಟೆ ಹೊರೆದು, ನಾವು ರೂಮಿನಲ್ಲಿ ಫ್ಯಾನು ಹಾಕಿ ಮಲಗಿದಾಗ ಸೀಟು ಮಡಿಸಿ ಸೊಳ್ಳೆಗೆ ರಕ್ತದಾನ ಮಾಡಿರುತ್ತಾನೆ ಎನ್ನುವುದು ಇನ್ನೊಂದು. ಖಜಾಂಚಿ ಎರಡೂ ಕಡೆಯ ವಕೀಲರು. ಖುಷಿ ಕೊಡಲೇಬೇಕು ಎನ್ನುತ್ತಾರೆ, ಆದರೆ ಹೈವೇ ಹೋಟೆಲಿನವರು ಗಾಡಿ ತಂದದ್ದಕ್ಕೆ ಡ್ರೈವರಿಗೆ ಪುಕ್ಕಟೆ ಊಟ ಹಾಕಿದ್ದನ್ನು ಕಿಟಕಿಯಿಂದ ನೋಡಿ ಬರೆದುಕೊಂಡಿರುತ್ತಾರೆ. "ಆ ಊಟ ನಮ್ಮ ದೆಸೆಯಿಂದ ತಾನೆ ಸಿಕ್ಕಿದ್ದು?" ಮೈಸೂರಿಗೆ ಹೋದಾಗ ಸೀರೆ ಅಂಗಡಿಯ ಮುಂದೆ ಗಾಡಿ ನಿಂತರೆ ಮೊದಲು ಇಳಿಯುವವರು ಇವರೇ, ಹೆಂಗಸರಲ್ಲ. ಕಮಿಷನ್ ಕೈ ಬದಲಾಗುವ ಕ್ಷಣಕ್ಕೆ ಸಾಕ್ಷಿ ಬೇಕಲ್ಲ.

ಗೈಡುಗಳ ಮುಂದೆ ಮಾತ್ರ ಇವರು ಸ್ವಲ್ಪ ತಡವರಿಸುತ್ತಾರೆ. ಡ್ರೈವರ್ ಕೆಲಸ ಕಣ್ಣಿಗೆ ಕಾಣುತ್ತದೆ. ಗೈಡ್ ಕೆಲಸ ಬರೀ ಮಾತು. ಮಾತಿನ ತೇವಾಂಶ ನೋಡುವುದು ಹೇಗೆ? ಚಿತ್ರದುರ್ಗದ ಕೋಟೆಯಲ್ಲಿ ಅದನ್ನು ಪರೀಕ್ಷಿಸಲು ಹೋಗಿ ಒಮ್ಮೆ ಪೇಚಿಗೆ ಸಿಕ್ಕರು. ಓಬವ್ವನ ಕಿಂಡಿಯ ಮುಂದೆ ಗೈಡು, ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ನುಸುಳಿ ಬಂದದ್ದು, ಓಬವ್ವ ಒನಕೆ ಹಿಡಿದು ಕಾದದ್ದು, ಎಲ್ಲವನ್ನೂ ಕಣ್ಣಿಗೆ ಕಟ್ಟುವ ಹಾಗೆ ಹೇಳಿದ. ಹೆಂಗಸರು ಸೆರಗಿನಿಂದ ಕಣ್ಣೊರೆಸಿದರು. ಖಜಾಂಚಿ ಮಾತ್ರ, "ಇದರಾಗೆ ಆಳು ಹಿಡಿಯದು ಖರೇನಾ?" ಎಂದು ತಾವೇ ತೂರಿದರು. ತಲೆ ಬಂತು, ಭುಜ ಬಂತು, ಹೊಟ್ಟೆ ಬರಲಿಲ್ಲ. ಗೈಡು ಎರಡೂ ಕೈ ಹಿಡಿದು ಎಳೆದ, ಹಿಂದಿನಿಂದ ನಾವು ನೂಕಿದೆವು, ಮೇಲ್ಜೇಬಿನ ಚಿಲ್ಲರೆಯೆಲ್ಲ ಕಲ್ಲಿನ ಮೇಲೆ ಉದುರಿ ಉರುಳಿತು. ಹೊರಬಂದವರೇ ಧೂಳು ಕೊಡವಿಕೊಳ್ಳುವ ಮೊದಲು ಕೇಳಿದ್ದು, "ಎಳ್ದಿದ್ದಕ್ಕೆ ಬೇರೆ ಕೊಡ್ಬೇಕಾ, ಗೈಡ್ ಫೀಸಿನಾಗೇ ಬರ್ತದಾ?"

ಗೈಡು ಒಳ್ಳೆಯವನು. "ಓಬವ್ವ ಇರ್ಲಿಲ್ಲ ಅನ್ನೋದಕ್ಕೇ ಕೊಡ್ರಿ ಸಾರ್" ಎಂದ.

ಹಂಪಿಯಲ್ಲಿ ಸಿಕ್ಕ ಗೈಡು ಇನ್ನೂ ಪಳಗಿದವನು. ವಿಜಯವಿಠ್ಠಲ ದೇವಸ್ಥಾನದ ಅಂಗಳದಲ್ಲಿ, ಬಿಸಿಲಿಗೆ ನೆತ್ತಿ ಸುಡುತ್ತಿರುವಾಗ, ಕಲ್ಲಿನ ರಥದ ಗಾಲಿ, ಆನೆ, ಶಿಲ್ಪ ಒಂದನ್ನೂ ಬಿಡದೆ ವಿವರಿಸಿದ. ಎಲ್ಲ ಮುಗಿದ ಮೇಲೆ ಖಜಾಂಚಿ, ಗೊತ್ತಾದ ಫೀಸು ಕೊಟ್ಟು, ಅದರ ಮೇಲೆ ನೀಲಿ ಬಣ್ಣದ 50ರ ನೋಟು ತೆಗೆದರು. 2017ರಿಂದ ಆ ನೋಟಿನ ಬೆನ್ನ ಮೇಲೆ ಅದೇ ರಥದ ಚಿತ್ರವಿದೆ. "ನೋಡಪ್ಪಾ, ನೀನು ತೋರಿಸಿದ್ದನ್ನೇ ನಾನೂ ನಿನಗೆ ತೋರಿಸ್ತಿದೀನಿ" ಎಂದು ತಮ್ಮ ಹಾಸ್ಯಕ್ಕೆ ತಾವೇ ನಕ್ಕರು. ಗೈಡು ನೋಟನ್ನು ಕಣ್ಣಿಗೊತ್ತಿಕೊಂಡು, ತಣ್ಣಗೆ ಹೇಳಿದ: "ಸಾವ್ಕಾರ್ರೆ, ನನಗ ಕೆಂಪುಕೋಟೆ ಬಗ್ಗೆನೂ ಚಲೋ ಹೇಳಾಕ ಬರ್ತೈತ್ರಿ." ಕೆಂಪುಕೋಟೆ ಇರುವುದು 500ರ ನೋಟಿನ ಮೇಲೆ. ಗಾಡಿ ಹೊಸಪೇಟೆ ದಾಟಿದ ಮೇಲೂ ಖಜಾಂಚಿ ಮಾತಾಡಲಿಲ್ಲ. ಒಳಜೇಬಿನಿಂದ ಒಂದೊಂದೇ ನೋಟು ತೆಗೆದು ಬೆನ್ನು ತಿರುವಿ ನೋಡುತ್ತಿದ್ದರು. 10ಕ್ಕೆ ಕೊನಾರ್ಕ, 20ಕ್ಕೆ ಎಲ್ಲೋರ, 100ಕ್ಕೆ ಗುಜರಾತಿನ ರಾಣಿ ಕಿ ವಾವ್, 200ಕ್ಕೆ ಸಾಂಚಿ. ಕೊನೆಗೆ, "ಮುಂದಿನ ಟ್ರಿಪ್ಪು ಕೊನಾರ್ಕ ಹಾಕಣ" ಎಂದರು.

ಇಷ್ಟಾದರೂ ಇವರನ್ನು ಜಿಪುಣ ಎಂದು ಬರೆದುಬಿಟ್ಟರೆ ಸುಳ್ಳಾಗುತ್ತದೆ. ಇವರ ಡೈರಿಯಲ್ಲಿ ಒಂದು ಹಾಳೆಗೆ ಸೂಟು ಇಲ್ಲ: ಹೆಗಲ ಮೇಲೆ ಹೊರುವವರ ಹಾಳೆ. ಶ್ರವಣಬೆಳಗೊಳದಲ್ಲಿ ಮುದುಕರನ್ನು ಡೋಲಿಯಲ್ಲಿ ಕೂರಿಸಿ ವಿಂಧ್ಯಗಿರಿಯ ಮೆಟ್ಟಿಲು ಹತ್ತಿಸುವವರ ಜೊತೆ ಇವರು ಒಂದು ಮಾತೂ ಚೌಕಾಸಿ ಮಾಡುವುದಿಲ್ಲ. ಹೇಳಿದಷ್ಟು ಕೊಟ್ಟು, ಮೇಲೆ ಎಳನೀರು ಕೊಡಿಸಿ, ಅವರು ಕುಡಿಯುವವರೆಗೆ ನಿಂತಿರುತ್ತಾರೆ. ರೈಲ್ವೆ ಸ್ಟೇಷನ್ನಿನ ಕೂಲಿಗೂ ಹಾಗೇ. ಕೇಳಿದರೆ, "ಮೂಟೆ ಹೊರದು ಏನಂತ ನನಗೆ ಗೊತ್ತೈತೆ" ಎನ್ನುತ್ತಾರೆ. ವ್ಯಾಪಾರಕ್ಕೆ ಇಳಿಯುವ ಮೊದಲು ಮಿಲ್ಲಿನಲ್ಲಿ ಹಮಾಲಿ ಮಾಡಿದವರು ಎಂದು ಊರಲ್ಲಿ ಹಿರಿಯರು ಹೇಳುತ್ತಾರೆ. ಇವರು ಅದರ ಮಾತೆತ್ತುವುದಿಲ್ಲ.

ದೇವರ ಲೆಕ್ಕ ಬೇರೆ. ಬೆಂಗಳೂರಿನ ನೆಂಟರು ಬಂದರೆ ಹರಿಹರದ ದೇವಸ್ಥಾನಕ್ಕೆ ಕರೆದೊಯ್ದು ಇವರೇ ಗೈಡ್ ಆಗುತ್ತಾರೆ. ಹೊಯ್ಸಳರ ದಂಡನಾಯಕ ಪೋಲಾಳ್ವ 13ನೆಯ ಶತಮಾನದಲ್ಲಿ ಕಟ್ಟಿಸಿದ್ದು ಎಂಬಲ್ಲಿಂದ ಶುರುವಾಗಿ ಕಂಬಗಳ ಹೊಳಪಿನವರೆಗೆ ಚೆನ್ನಾಗಿಯೇ ಹೇಳುತ್ತಾರೆ. ಆಮೇಲೆ ಮಂಗಳಾರತಿ ತಟ್ಟೆಗೆ ಒಂದೇ ನಾಣ್ಯ ಹಾಕಿ ಕಣ್ಣು ಮಿಟುಕಿಸುತ್ತಾರೆ: ಅರ್ಧ ಹರಿ, ಅರ್ಧ ಹರ, ಒಂದೇ ವಿಗ್ರಹ; ಒಂದು ಕಾಣಿಕೆಗೆ ಇಬ್ಬರಿಗೂ ಮುಟ್ಟಿತು. ಗೈಡ್ ಕೆಲಸಕ್ಕೆ ತಾವು ಖುಷಿ ಮುಟ್ಟುವುದಿಲ್ಲ. ಆದರೆ ದಾವಣಗೆರೆಯಲ್ಲಿ ಬೆಣ್ಣೆ ದೋಸೆಯ ಬಿಲ್ಲು ಬಂದಾಗ ಕೈ ತೊಳೆಯಲು ಎದ್ದು ಹೋಗಿರುತ್ತಾರೆ, ಮತ್ತು ಆ ದಿನ ಕೈ ತೊಳೆಯುವುದು ಬಹಳ ಹೊತ್ತು ಹಿಡಿಯುತ್ತದೆ.

ಹೋಟೆಲು ಅಂದೆನಲ್ಲ, ಅಲ್ಲಿಗೆಂದೇ ಇವರ ಡೈರಿಯಲ್ಲಿ ಒಂದು ಪೇಪರ್ ಕಟಿಂಗ್ ಇದೆ. ಬಿಲ್ಲಿಗೆ ತಾನಾಗಿಯೇ ಸರ್ವಿಸ್ ಚಾರ್ಜ್ ಸೇರಿಸಬಾರದು ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೇಳಿತು, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ದೊಡ್ಡ ಊರಿನ ದೊಡ್ಡ ಹೋಟೆಲುಗಳ ಜಗಳ ಅದು. ನಮ್ಮ ಖಜಾಂಚಿ ಅದನ್ನು, ಸರ್ವಿಸ್ ಚಾರ್ಜ್ ಎಂಬುದನ್ನು ಕಂಡು ಕೇಳರಿಯದ ಹೆಂಚಿನ ಮನೆಯ ದೋಸೆ ಹೋಟೆಲಿನಲ್ಲಿ ಬಿಚ್ಚಿ ಓದುತ್ತಾರೆ. ಸಪ್ಲೈಯರ್ ಹುಡುಗ ಪಲ್ಯದ ಬಕೆಟ್ಟು ಹಿಡಿದು ಪೂರ್ತಿ ಕೇಳಿಸಿಕೊಂಡು, "ಇನ್ನೊಂದು ಖಾಲಿ ತರ್ಲಾ ಸಾರ್?" ಎನ್ನುತ್ತಾನೆ. ಅವನೂ ಕಡಿಮೆಯಲ್ಲ. ನೂರರ ನೋಟಿಗೆ ಉಳಿದ ಚಿಲ್ಲರೆಯನ್ನು ಬೇಕೆಂದೇ ಹತ್ತು, ಐದು, ಎರಡು ಎಂದು ಪುಡಿ ಮಾಡಿ ಸೋಂಪಿನ ತಟ್ಟೆಯಲ್ಲಿ ಹರಡಿ ತರುತ್ತಾನೆ, ಯಾವುದಾದರೂ ಒಂದು ಉಳಿದೀತೆಂದು. ಖಜಾಂಚಿ ಸೋಂಪನ್ನೂ ಉಳಿಸುವುದಿಲ್ಲ. ಈಚೆಗೆ ಫೋನ್‌ಪೇ ಬಂದ ಮೇಲೆ ಇವರಿಗೆ ಹೊಸ ಸಂಕಟ: ಚಾ ಅಂಗಡಿಯಲ್ಲಿ ಮೇಲೆ ಎರಡು ರೂಪಾಯಿ ಸೇರಿಸಿ ಕಳಿಸಿದರೆ ಡಬ್ಬಿ ಊರಿಗೆಲ್ಲ ಕೇಳುವಂತೆ ಮೊತ್ತ ಕೂಗುತ್ತದೆ. ಗುಪ್ತದಾನಕ್ಕೆ ಅವಕಾಶವೇ ಇಲ್ಲ ಎಂದು ಕೊರಗುತ್ತಾರೆ.

ಟೂರಿಗೆ ಹೋದಲ್ಲಿ ಮಾತ್ರ ಇವರ ಆಡಳಿತ ಎಂದಲ್ಲ. ರೈತರ ಅಧ್ಯಯನ ಪ್ರವಾಸ, ಒಂದು ದಿನದ ಕಾರ್ಯಾಗಾರ, ಸಾವಯವ ತರಬೇತಿ, ಎಲ್ಲಿ ಬ್ಯಾಗು ಪೆನ್ನು ಮಧ್ಯಾಹ್ನದ ಊಟ ಇದೆಯೋ ಅಲ್ಲಿ ಇವರಿದ್ದಾರೆ. ಕಾರ್ಯಾಗಾರದ ಖುಷಿಯ ಶಾಸ್ತ್ರ ನಮ್ಮಲ್ಲಿ ವಿಚಿತ್ರ. ಸಂಬಳ ಇರುವ ಸಂಪನ್ಮೂಲ ವ್ಯಕ್ತಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ, ಕವರು. ಬೆಳಿಗ್ಗೆಯಿಂದ ಮೈಕು ಹಿಡಿದು ಓಡಾಡಿದ ಹುಡುಗನಿಗೆ, ಮುನ್ನೂರು ಜನಕ್ಕೆ ಅನ್ನ ಬಸಿದ ಹೆಂಗಸರಿಗೆ, ವಂದನಾರ್ಪಣೆಯಲ್ಲಿ "ಪ್ರತ್ಯಕ್ಷವಾಗಿ ಪರೋಕ್ಷವಾಗಿ ಸಹಕರಿಸಿದ ಎಲ್ಲರಿಗೂ" ಎಂಬ ಅರ್ಧ ವಾಕ್ಯ. ಶಾಲು ಹೊದಿಸಿಕೊಂಡವರು ಅದನ್ನು ಇನ್ನೊಬ್ಬರಿಗೆ ಹೊದಿಸುತ್ತಾರೆ. ಜಿಲ್ಲೆಯಲ್ಲಿ ಓಡಾಡುತ್ತಿರುವ ಶಾಲುಗಳು ಬಹುಶಃ ಅವೇ ಹತ್ತೋ ಹನ್ನೆರಡೋ ಇರಬೇಕು. ಖಜಾಂಚಿ ಒಮ್ಮೆ ಎದ್ದು, ಟಿಫನ್ ಡಬ್ಬಿ ಹಿಡಿದು, ವೇದಿಕೆಯ ಸಾಲಿನಿಂದಲೇ ವಸೂಲಿ ಶುರು ಮಾಡಿದರು. ಮುಖ್ಯ ಅತಿಥಿಗಳು ಗೊಂದಲಕ್ಕೆ ಬಿದ್ದು ಡಬ್ಬಿಯೊಳಗೆ ಸೇಬು ಹಾಕಿದರು.

ಅಮೆರಿಕಕ್ಕೆ, ಮಗನ ಮನೆಗೆ, ಹೋಗಿಬಂದದ್ದು ಇವರ ಜೀವನದ ದೊಡ್ಡ ಅಧ್ಯಯನ ಪ್ರವಾಸ. ಅಲ್ಲಿ ಕಾಫಿ ಕೊಟ್ಟ ಹುಡುಗಿ ಸ್ಕ್ರೀನು ತಿರುಗಿಸಿ ಇವರ ಮುಂದಿಟ್ಟಳಂತೆ: 18, 20, 22 ಪರ್ಸೆಂಟು, ಯಾವುದಾದರೂ ಒತ್ತಿ. "18 ಅಂದ್ರೆ ಜಿಎಸ್‌ಟಿ ಅಲ್ಲೇನೋ?" ಎಂದು ಮಗನನ್ನು ಕೇಳಿದರು. ಅಲ್ಲಪ್ಪಾ, ಇದು ಟಿಪ್ಪು. "ನಮ್ಮ ಬೆಂಬಲ ಬೆಲೆ ಖರೀದಿ ಕೇಂದ್ರದಾಗೆ 17ರ ಮ್ಯಾಲೆ ತೇವ ಇದ್ರೆ ಭತ್ತ ತಗಳಲ್ಲ. 18 ಅಂದ್ರೆ ರಿಜೆಕ್ಟು!" ಹಿಂದೆ ಕ್ಯೂ ಬೆಳೆಯುತ್ತಿತ್ತು, ಮಗ ಮುಖ ಮುಚ್ಚಿಕೊಂಡು 20 ಒತ್ತಿದ. ರಾತ್ರಿ ಸಮಾಧಾನವಾಗಿ ವಿವರಿಸಿದ: ಇಲ್ಲಿ ಟಿಪ್ಪು ತೆಗೆದುಕೊಳ್ಳುವ ಕೆಲಸದವರಿಗೆ ಮಾಲೀಕ ಕೊಡಲೇಬೇಕಾದ ನಗದು ಕೂಲಿ ಕೇಂದ್ರದ ಕಾನೂನಿನಂತೆ ಗಂಟೆಗೆ 2.13 ಡಾಲರ್, 1991ರಿಂದ ಹಾಗೇ ಇದೆ. ಕೆಲವು ರಾಜ್ಯಗಳು ಹೆಚ್ಚು ಕೊಡಿಸುತ್ತವೆ, ಉಳಿದ ಕಡೆ ಸಂಬಳದ ದೊಡ್ಡ ಪಾಲು ಗಿರಾಕಿ ಕೊಡುವ ಟಿಪ್ಪೇ. ಖಜಾಂಚಿ ಬಹಳ ಹೊತ್ತು ಯೋಚಿಸಿ, "ಅಂದ್ರೆ ಹಮಾಲಿ ರೈತನ ಲೆಕ್ಕಕ್ಕೆ ಹಾಕ್ದಂಗೆ ಆತಲ್ಲ" ಎಂದರಂತೆ. ನನಗೆ ತಿಳಿದ ಮಟ್ಟಿಗೆ ಇಡೀ ಅಮೆರಿಕದ ಟಿಪ್ಪಿನ ಪದ್ಧತಿಯನ್ನು ಒಂದು ವಾಕ್ಯದಲ್ಲಿ ಹೇಳಿದವರು ಇವರೊಬ್ಬರೇ.

ಇವರನ್ನು ಲೆಕ್ಕದಲ್ಲೇ ಸೋಲಿಸಿದ್ದು ಪ್ರಯಾಗದ ಪಂಡಾ. 2022ರ ನವೆಂಬರಿನಲ್ಲಿ ಶುರುವಾದ ಭಾರತ್ ಗೌರವ್ ಕಾಶಿ ದರ್ಶನ ರೈಲಿನಲ್ಲಿ, ಆಗ ಸರ್ಕಾರದ 5,000 ರೂಪಾಯಿ ಸಹಾಯಧನ ಇತ್ತು ಎಂದ ಮೇಲೆ, ಇವರು ಹೋಗದಿರುತ್ತಾರೆಯೇ? ಊಟ, ವಸತಿ, ಬಸ್ಸು ಎಲ್ಲ ಪ್ಯಾಕೇಜಿನಲ್ಲೇ ಸೇರಿದೆ ಎಂದು ನೆಮ್ಮದಿಯಾಗಿದ್ದರು. ಪ್ರಯಾಗದ ಪಂಡಾಗಳು ಊರೂರಿನ ಯಾತ್ರಿಕರ ಹೆಸರನ್ನು ತಲೆಮಾರುಗಳಿಂದ ವಹಿಯಲ್ಲಿ ಬರೆದಿಟ್ಟುಕೊಂಡಿರುತ್ತಾರೆ. ಇವರ ಪಾಕೆಟ್ ಡೈರಿಯ ಮುಂದೆ ಆತ ಮೊಳದುದ್ದದ ಕೆಂಪು ಬಟ್ಟೆಯ ವಹಿ ಬಿಚ್ಚಿ, ಊರು ಕೇಳಿ, ಹಾಳೆ ತಿರುವಿ, ಇವರ ಪಾಲಿನ ಯಾರೋ ಮುತ್ತಾತ ಬಂದು ಗೋದಾನ ಕೊಟ್ಟದ್ದಿದೆ ಎಂದು ಓದಿದ. ಅದು ಇವರದೇ ಮುತ್ತಾತನೋ, ಪಕ್ಕದ ಓಣಿಯವರದೋ, ದೇವರೇ ಬಲ್ಲ. ಆದರೆ ಬರೆದಿಟ್ಟ ಲೆಕ್ಕವನ್ನು ಖಜಾಂಚಿ ಅಲ್ಲಗಳೆಯುವುದು ಹೇಗೆ? ಒಳಜೇಬಿಗೆ ಕೈ ಹೋಯಿತು. ಸೂಟು ಹಿಡಿಯಲು ಮುತ್ತಾತನ ಹೆಸರಿನಲ್ಲಿ ಏನೂ ತಪ್ಪು ಸಿಗಲಿಲ್ಲ.

ಈ ವರ್ಷ ಬೇಸಿಗೆ ಭತ್ತದ ಕೊಯ್ಲು ಮುಗಿದು ಎಲ್ಲರ ಕೈಯಲ್ಲಿ ನಾಲ್ಕು ಕಾಸು ಆಡುವಾಗ ಟ್ರಿಪ್ಪು ಹೊರಟಿತು, ಖಜಾಂಚಿ ಇಲ್ಲದೆ. ಅವರು ಮಂಡಿ ಆಪರೇಷನ್ ಮಾಡಿಸಿಕೊಂಡು ದಾವಣಗೆರೆಯ ಆಸ್ಪತ್ರೆಯಲ್ಲಿದ್ದರು. ಗಾಡಿಯಲ್ಲಿ ಮೊದಲ ದಿನ ಹಬ್ಬದ ವಾತಾವರಣ. ಕೊಡುವುದನ್ನು ಕೈ ಬಿಚ್ಚಿ ಕೊಡೋಣ, ಈ ಸಲ ಡ್ರೈವರಿಗೆ ಲೆಕ್ಕ ಹಾಕುವುದು ಬೇಡ ಎಂದು ಎಲ್ಲರೂ ಒಪ್ಪಿದರು. ಒಪ್ಪಿದ್ದೇ ಬಂತು. ಹೊರನಾಡಿನ ರೂಮ್ ಬಾಯ್‌ಗೆ ಅವರು ಕೊಟ್ಟಿರಬಹುದು ಎಂದು ಇವರು, ಇವರು ಕೊಟ್ಟಿರಬಹುದು ಎಂದು ಅವರು, ಹುಡುಗ ಬಾಗಿಲಲ್ಲಿ ನಿಂತೇ ಇದ್ದ. ಖಜಾಂಚಿ ಇದ್ದಾಗ ನಾವೆಲ್ಲ ಅವರ ಬೆನ್ನ ಹಿಂದೆ ನಿಂತು "ಪಾಪ, ಇನ್ನೊಂದಿಷ್ಟು ಕೊಡ್ಬಹುದಿತ್ತು" ಎಂದು ಪಿಸುಗುಡುವ ಉದಾರಿಗಳು. ಉದಾರತನಕ್ಕೆ ಒಬ್ಬ ಜಿಪುಣ ಎದುರಿಗಿರಬೇಕು. ಶಿವಮೊಗ್ಗ ದಾಟಿತು, ಡಬ್ಬಿ ಬರಲಿಲ್ಲ, ಆದರೂ ಅಭ್ಯಾಸಬಲದಿಂದ ಅರ್ಧ ಗಾಡಿ ನಿದ್ದೆ ಹೋಯಿತು.

ಹೊನ್ನಾಳಿಯ ಈಚೆ ಡ್ರೈವರು ತಾನೇ ಗಾಡಿಯನ್ನು ರಸ್ತೆ ಬದಿಗೆ ಹಾಕಿದ. ಚಾ ಕುಡಿಯಲಿಕ್ಕೋ ಎಂದುಕೊಂಡೆವು. ಆತ ಫೋನು ತೆಗೆದು, ಯಾರಿಗೋ ಹಚ್ಚಿ, ಸ್ಪೀಕರ್ ಹಾಕಿದ.

"ಸಾವ್ಕಾರ್ರೆ, ನಮಸ್ಕಾರ. ಮಂಡಿ ಹೆಂಗೈತ್ರಿ? ಹೊನ್ನಾಳಿ ಬಂದೀವಿ. ಲೆಕ್ಕ ಹಾಕಿಬಿಡ್ರಿ, ಇವರೆಲ್ಲ ಇನ್ನೇನು ಇಳಿದು ಹೊಕ್ಕಾರೆ."

ಆಸ್ಪತ್ರೆಯ ಹಾಸಿಗೆಯಿಂದ ದನಿ ಬಂತು: "1,500ರಿಂದ ಶುರು ಮಾಡು. ಏನೇನು ತಪ್ಪು ಮಾಡೀಯ ಹೇಳು."

"ಘಾಟಿನಾಗೆ ಒಂದು ಸಲ ಫೋನ್ ಎತ್ತೀನ್ರಿ. ನೂರು ಕಳೀರಿ."

"ಮೊಸರು?"

"ಈ ಸಲ ಯಾರೂ ತಂದಿಲ್ರಿ."

"ಅಜ್ಜಿ?"

"ಇಬ್ಬರನ್ನ ಇಳಿಸೀನಿ."

"ನಲವತ್ತು ಕೂಡ್ಸು. 1,440. ಶಕುನಕ್ಕೆ ಒಂದು. ಅವರ ಹತ್ರ 1,440 ಇಸ್ಕೋ, ನಿದ್ದೆ ಮಾಡಿರೋರನ್ನ ಎಬ್ಬಿಸು. ಆ ಒಂದು ರೂಪಾಯಿ ನಾನು ಮನೆಗೆ ಬಂದ ಮ್ಯಾಲೆ ಕೊಡ್ತೀನಿ, ಬರ್ದಿಟ್ಕೋ."

"ಬರ್ದೀನ್ರಿ ಸಾವ್ಕಾರ್ರೆ. ಹೋದ ವರ್ಷದ್ದೂ ಒಂದು ಐತೆ, ಅದರ ಹಿಂದಿನ ವರ್ಷದ್ದೂ ಐತೆ."